ಹೊರಗೆ ಹೋಗುವ ನಿಮ್ಮ ವೆಬ್ ಆ್ಯಪ್‌ಗೆ ಒಂದು ಹೆಸರಿರಲಿ: ಯೂಸರ್ ಏಜೆಂಟ್ ಹೊಂದಿಸುವ ಬಗೆ

ಸಂಜೆ ಏಳಕ್ಕೆ ಶುರುವಾದ ತಲೆನೋವು ರಾತ್ರಿ ಹತ್ತೂವರೆಗೆ ಮುಗಿಯಿತು. ನಮ್ಮ ಪುಟ್ಟ ವೆಬ್ ಆ್ಯಪ್ ಹೊರಗಿನ ಸೇವೆಯೊಂದರಿಂದ ಮಾಹಿತಿ ತರುತ್ತಿತ್ತು. ಅವತ್ತು ಇದ್ದಕ್ಕಿದ್ದಂತೆ ಪ್ರತಿ ರಿಕ್ವೆಸ್ಟ್‌ಗೂ 403, ಅಂದರೆ ‘ನಿಮಗೆ ಪ್ರವೇಶವಿಲ್ಲ’ ಎಂಬ ಉತ್ತರ, ಬರತೊಡಗಿತು. ಅದೇ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದರೆ ಆರಾಮಾಗಿ ತೆರೆಯುತ್ತಿತ್ತು. ಎಪಿಐ ಕೀ ಬದಲಿಸಿದೆವು, ಫೈರ್‌ವಾಲ್ ನೋಡಿದೆವು, ಸರ್ವರ್ ರೀಸ್ಟಾರ್ಟ್ ಮಾಡಿದೆವು. ಊಟ ಆರಿಹೋಯಿತು. ಕೊನೆಗೆ ಸುಮ್ಮನೆ ನೋಡೋಣವೆಂದು, ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್ ಎಂಬ ಉಪಕರಣದಲ್ಲಿ ಅದೇ ರಿಕ್ವೆಸ್ಟನ್ನು ಎರಡು ಸಲ ಕಳಿಸಿದೆ. ಕಳಿಸುವವರ ಹೆಸರಿನ ಜಾಗದಲ್ಲಿ ಮೊದಲ ಸಲ ನಮ್ಮ ಆ್ಯಪ್ ಬಳಸುವ ಪೈಥಾನ್ ಲೈಬ್ರರಿಯ ಹೆಸರು ಹಾಕಿ, ಎರಡನೇ ಸಲ ನಮ್ಮ ಆ್ಯಪ್‌ನ ಹೆಸರು ಹಾಕಿ. ಮೊದಲನೆಯದಕ್ಕೆ 403, ಎರಡನೆಯದಕ್ಕೆ 200, ಅಂದರೆ ಎಲ್ಲ ಸರಿ. ಆ ಲೈಬ್ರರಿಯ ಹೆಸರಿನಲ್ಲಿ ಬಂದ ಎಲ್ಲರಿಗೂ ಅವರು ಬಾಗಿಲು ಹಾಕಿಕೊಂಡಿದ್ದರು. ಯಾರದೋ ಎತ್ತು ಗದ್ದೆ ಮೇದದ್ದಕ್ಕೆ ದಂಡ ನಮಗೂ ಬಿದ್ದಿತ್ತು.

ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ವೆಬ್‌ನಲ್ಲಿ ಯಾವ ರಿಕ್ವೆಸ್ಟ್ ಹೋದರೂ ಅದರ ಜೊತೆ ಹೆಡರ್‌ಗಳೆಂಬ ಕೆಲವು ಸಾಲುಗಳು ಹೋಗುತ್ತವೆ. ಅವುಗಳಲ್ಲಿ ಯೂಸರ್ ಏಜೆಂಟ್ ಎಂಬುದು ಕೇಳುತ್ತಿರುವುದು ಯಾವ ತಂತ್ರಾಂಶ ಎಂದು ಹೇಳುವ ಸಾಲು. ನೀವೇನೂ ಮಾಡದಿದ್ದರೆ ನಿಮ್ಮ ಲೈಬ್ರರಿ ತನ್ನ ಹೆಸರನ್ನೇ ಅಲ್ಲಿ ಬರೆದುಬಿಡುತ್ತದೆ. ಮದುವೆಮನೆಯಲ್ಲಿ ಮುಯ್ಯಿ ಕವರಿನ ಮೇಲೆ ‘ನಿಮ್ಮ ಹಿತೈಷಿಗಳು’ ಎಂದಷ್ಟೇ ಬರೆದು ಕೊಟ್ಟ ಹಾಗೆ. ಕೊಟ್ಟದ್ದು ಯಾರೆಂದು ಮನೆಯವರಿಗೆ ಎಂದೂ ಗೊತ್ತಾಗುವುದಿಲ್ಲ.

ಮೊದಲು, ಈಗ ಏನು ಹೋಗುತ್ತಿದೆ ನೋಡಿ

ಕೋಡ್ ಮುಟ್ಟುವ ಮೊದಲು ಇದನ್ನು ಮಾಡಿ. ನಿಮ್ಮ ಕಂಪ್ಯೂಟರಿನಲ್ಲಿ ನೆಟ್‌ಕ್ಯಾಟ್ ಎಂಬ ಪುಟ್ಟ ನೆಟ್‌ವರ್ಕ್ ಉಪಕರಣವನ್ನು 8000ನೇ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳಲು ಬಿಟ್ಟು, ಆ್ಯಪ್‌ನಲ್ಲಿ ಹೊರಗಿನ ಸೇವೆಯ ವಿಳಾಸವಿರುವ ಕಡೆ ಲೋಕಲ್‌ಹೋಸ್ಟ್‌ನ ಆ ಪೋರ್ಟನ್ನು ಕೊಡಿ. ರಿಕ್ವೆಸ್ಟ್ ಹೊರಟ ಕೂಡಲೇ ಅದರ ಪ್ರತಿ ಸಾಲೂ ಹಾಗ್ಹಾಗೇ ಟರ್ಮಿನಲ್‌ನಲ್ಲಿ ಬೀಳುತ್ತದೆ. ನೆಟ್‌ಕ್ಯಾಟ್ ಉತ್ತರ ಕೊಡುವುದಿಲ್ಲವಾದ್ದರಿಂದ ಆ್ಯಪ್ ಕಾಯುತ್ತಾ ಕೂರುತ್ತದೆ, ಗಾಬರಿ ಬೇಡ, ಕಂಟ್ರೋಲ್-ಸಿ ಒತ್ತಿ. ಇಷ್ಟೆಲ್ಲ ಬೇಡವೆಂದರೆ ಎಚ್‌ಟಿಟಿಪಿಬಿನ್ ತಾಣದ ಹೆಡರ್ಸ್ ಪುಟಕ್ಕೆ ಒಂದು ರಿಕ್ವೆಸ್ಟ್ ಕಳಿಸಿ. ನೀವು ಕಳಿಸಿದ ಹೆಡರ್‌ಗಳನ್ನೇ ಅದು ಜೇಸನ್ ರೂಪದಲ್ಲಿ ವಾಪಸ್ ಕೊಡುತ್ತದೆ.

ಕಾಣುವುದು ಏನೆಂದು ಸ್ವಲ್ಪಮಟ್ಟಿಗೆ ಮೊದಲೇ ಹೇಳಬಹುದು. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಾದರೆ ‘ಪೈಥಾನ್-ರಿಕ್ವೆಸ್ಟ್ಸ್’ ಮತ್ತು ಆವೃತ್ತಿ ಸಂಖ್ಯೆ. ಗೋ ಭಾಷೆಯಾದರೆ ‘ಗೋ-ಎಚ್‌ಟಿಟಿಪಿ-ಕ್ಲೈಂಟ್/1.1’ ಅಥವಾ 2.0. ಆಕ್ಸಿಯೋಸ್, ಓಕೆಎಚ್‌ಟಿಟಿಪಿ ತಮ್ಮ ತಮ್ಮ ಹೆಸರು ಹೇಳುತ್ತವೆ. ರೂಬಿಯ ಮೂಲ ಲೈಬ್ರರಿ ‘ರೂಬಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಪಿಎಚ್‌ಪಿಯ ಕರ್ಲ್ ಮತ್ತು ಡಾಟ್‌ನೆಟ್‌ನ ಎಚ್‌ಟಿಟಿಪಿ ಕ್ಲೈಂಟ್ ಇನ್ನೂ ಒಂದು ಹೆಜ್ಜೆ ಮುಂದೆ: ಅವು ಹೆಸರನ್ನೇ ಹೇಳುವುದಿಲ್ಲ, ಆ ಹೆಡರೇ ಇರುವುದಿಲ್ಲ. ಈ ಸಾಲಿನಲ್ಲಿ ನನಗೆ ಮೆಚ್ಚುಗೆಯಾಗುವುದು ವರ್ಡ್‌ಪ್ರೆಸ್. ಅದು ತನ್ನ ಹೆಸರು, ಆವೃತ್ತಿಯ ಜೊತೆಗೆ ನಿಮ್ಮ ತಾಣದ ವಿಳಾಸವನ್ನೂ ತಾನೇ ಸೇರಿಸಿ ಕಳಿಸುತ್ತದೆ.

ಹೆಸರನ್ನು ಹೆಣೆಯುವುದು

ಈ ಸಾಲಿಗೆ ಒಂದು ವ್ಯಾಕರಣವಿದೆ. 2022ರಲ್ಲಿ ಬಂದ, ಅಂತರ್ಜಾಲದ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 9110ರಲ್ಲಿ ಅದನ್ನು ಬರೆದಿಟ್ಟಿದ್ದಾರೆ, ಆದರೆ ಮೂಲರೂಪ ತೊಂಬತ್ತರ ದಶಕದ್ದೇ. ಮೊದಲು ಉತ್ಪನ್ನದ ಹೆಸರು, ಓರೆಗೆರೆ, ಆವೃತ್ತಿ. ಆಮೇಲೆ ಬೇಕಿದ್ದರೆ ದುಂಡು ಆವರಣದೊಳಗೆ ಟಿಪ್ಪಣಿ. ಅದರ ಮುಂದೆ ಇನ್ನೊಂದು ಉತ್ಪನ್ನ, ಅದರ ಆವೃತ್ತಿ. ಮುಖ್ಯವಾದದ್ದು ಮೊದಲು, ಉಳಿದದ್ದು ಆಮೇಲೆ. ಅಷ್ಟೇ.

ಉದಾಹರಣೆಗೆ, ಕರ್ನಾಟಕದ ಒಂದೊಂದು ತಾಲ್ಲೂಕಿನ ಬಗ್ಗೆಯೂ ಕನ್ನಡ ವಿಕಿಪೀಡಿಯಾದಿಂದ ಮೊದಲ ಪ್ಯಾರಾ ತಂದು ತೋರಿಸುವ ‘ತಾಲೂಕುನೋಟ’ ಎಂಬ ಆ್ಯಪ್ ನಿಮ್ಮದು ಎಂದುಕೊಳ್ಳಿ. ಸಾಲು ಹೀಗಿರಬಹುದು:

ತಾಲೂಕುನೋಟ-ಬಾಟ್/1.4 (+ನಿಮ್ಮ-ತಾಣದ-ವಿಳಾಸ/ಬಾಟ್, ನಿಮ್ಮ-ಸಂಪರ್ಕದ-ಇಮೇಲ್) ಪೈಥಾನ್-ರಿಕ್ವೆಸ್ಟ್ಸ್/2.32

ಬಾಟ್ ಎಂದರೆ ತಾನಾಗಿಯೇ ಓಡುವ ತಂತ್ರಾಂಶ. ಓದಲು ಅನುಕೂಲವೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಕೋಡ್‌ನಲ್ಲಿ ಇಡೀ ಸಾಲು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಯಾಕೆಂದು ಸ್ವಲ್ಪ ಕೆಳಗೆ ಹೇಳುತ್ತೇನೆ.

ಇದರಲ್ಲಿ ಅತಿ ಮುಖ್ಯವಾದ ಭಾಗ ಆವರಣದೊಳಗಿನದು. ನಿಮ್ಮ ರಿಕ್ವೆಸ್ಟ್‌ಗಳಿಂದ ಆ ಕಡೆಯ ಸರ್ವರ್‌ಗೆ ತೊಂದರೆಯಾದಾಗ, ಅದನ್ನು ನೋಡಿಕೊಳ್ಳುವವರ ಮುಂದೆ ಇರುವುದು ಎರಡೇ ದಾರಿ: ನಿಮಗೊಂದು ಮೇಲ್ ಹಾಕುವುದು, ಇಲ್ಲವೇ ಬ್ಲಾಕ್ ಮಾಡುವುದು. ವಿಳಾಸ ಇಲ್ಲದಿದ್ದರೆ ಮೊದಲ ದಾರಿಯೇ ಇಲ್ಲ. ಇಮೇಲನ್ನು ನಿಮ್ಮ ಸ್ವಂತದ್ದು ಕೊಡಬೇಡಿ. ತಂಡಕ್ಕೆಲ್ಲ ತಲುಪುವ ಒಂದು ವಿಳಾಸ ಮಾಡಿಸಿ. ನೀವು ಕೆಲಸ ಬಿಟ್ಟು ಹೋದ ಮೇಲೂ ಆ ಆ್ಯಪ್ ಓಡುತ್ತಲೇ ಇರುತ್ತದೆ.

ಆವೃತ್ತಿ ಸಂಖ್ಯೆಯನ್ನು ಕೈಯಿಂದ ಬರೆದರೆ ಅದು ಎರಡು ವರ್ಷವಾದರೂ 1.0 ಆಗಿಯೇ ಉಳಿಯುತ್ತದೆ. ಬಿಲ್ಡ್ ಮಾಡುವಾಗ ಗಿಟ್ ಟ್ಯಾಗ್‌ನಿಂದ ಎತ್ತಿಕೊಂಡು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ. ‘1.3ರ ತನಕ ಸರಿಯಿತ್ತು, 1.4 ಬಂದ ಮೇಲೆ ನಿಮ್ಮ ಬಾಟ್ ಹುಚ್ಚೆದ್ದಿದೆ’ ಎಂದು ಆ ಕಡೆಯವರು ಹೇಳುವಂತಾದರೆ ನಿಮ್ಮ ಅರ್ಧ ಪತ್ತೇದಾರಿ ಅಲ್ಲೇ ಮುಗಿಯಿತು.

ಸೇರಿಸಬಾರದ ಸಂಗತಿಗಳೂ ಇವೆ. ಎಪಿಐ ಕೀ, ಗ್ರಾಹಕರ ಹೆಸರು, ಒಳಗಿನ ಸರ್ವರ್‌ಗಳ ಹೆಸರು, ಆಪರೇಟಿಂಗ್ ಸಿಸ್ಟಮ್‌ನ ಪೂರ್ತಿ ಜಾತಕ, ಇವು ಯಾವುವೂ ಬೇಡ. ಯೂಸರ್ ಏಜೆಂಟ್ ಎಂಬುದು ಎಲ್ಲರ ಲಾಗ್‌ನಲ್ಲೂ ಉಳಿಯುವ ಸಾಲು. ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನ ಮಾಮೂಲಿ ಲಾಗ್ ತೆರೆದು ನೋಡಿದರೆ ಪ್ರತಿ ಸಾಲಿನ ಬಾಲದಲ್ಲಿ ಇರುವುದು ಇದೇ.

ಇನ್ನು ಬ್ರೌಸರ್‌ನ ವೇಷ. ‘ಕ್ರೋಮ್‌ನ ಸಾಲನ್ನೇ ಕಾಪಿ ಹೊಡೆದು ಹಾಕಿದರೆ ಆಯಿತಲ್ಲ, ಯಾರೂ ತಡೆಯುವುದಿಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ವೇಷ ಹಾಕುವ ಚಾಳಿ ಬ್ರೌಸರ್‌ಗಳದ್ದೇ, ಹಳೆಯದು. ನೆಟ್‌ಸ್ಕೇಪ್‌ಗೆ ಮಾತ್ರ ಚೆಂದದ ಪುಟ ಕಳಿಸುವ ತಾಣಗಳಿದ್ದ ಕಾಲದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಾನೂ ‘ಮೊಜಿಲ್ಲಾ’ ಎಂದು ಹೇಳಿಕೊಂಡು ಒಳಗೆ ನುಗ್ಗಿತು. ಉಳಿದವರು ಹಿಂಬಾಲಿಸಿದರು. ಇವತ್ತು ಕ್ರೋಮ್‌ನ ಸಾಲಿನಲ್ಲಿ ಮೊಜಿಲ್ಲಾ, ಆ್ಯಪಲ್ ವೆಬ್‌ಕಿಟ್, ಗೆಕ್ಕೋ, ಸಫಾರಿ ಎಲ್ಲರ ಹೆಸರೂ ಇದೆ. ಆದರೆ ಸರ್ವರ್‌ನಿಂದ ಹೊರಡುವ ಆ್ಯಪ್‌ಗೆ ಈ ವೇಷ ಒಪ್ಪುವುದಿಲ್ಲ. ಜಾವಾಸ್ಕ್ರಿಪ್ಟ್ ಓಡಿಸದ, ಚಿತ್ರ ಇಳಿಸದ, ನಿದ್ದೆ ಮಾಡದ ‘ಕ್ರೋಮ್’ ಬೇಗ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಮೇಲೆ ಅದನ್ನು ಯಾರೂ ನಂಬುವುದಿಲ್ಲ.

ಕನ್ನಡದಲ್ಲಿ ಹೆಸರಿಟ್ಟರೆ ಏನಾಗುತ್ತದೆ

ನಮ್ಮಂಥವರಿಗೆ ಮಾತ್ರ ಬರುವ ತೊಂದರೆ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಆ್ಯಪ್‌ನ ಹೆಸರು ಡೇಟಾಬೇಸ್‌ನಲ್ಲೋ ಸೆಟ್ಟಿಂಗ್ಸ್ ಫೈಲ್‌ನಲ್ಲೋ ಕನ್ನಡದಲ್ಲಿ ಇರುತ್ತದೆ. ಅದನ್ನೇ ಎತ್ತಿ ಹೆಡರ್‌ಗೆ ಹಾಕುತ್ತೀರಿ. ಹೆಸರು ‘ಕಣಜ’ ಎಂದಿದ್ದರೆ, ನೋಡ್.ಜೆಎಸ್‌ನಲ್ಲಿ ರಿಕ್ವೆಸ್ಟ್ ಕಳಿಸುವ ಫೆಚ್ ಫಂಕ್ಷನ್ ಹೀಗೊಂದು ತಕರಾರು ತೆಗೆಯುತ್ತದೆ: ಇದನ್ನು ಬೈಟ್‌ಸ್ಟ್ರಿಂಗ್ ಮಾಡಲಾಗದು, ಸೊನ್ನೆಯನೇ ಸ್ಥಾನದ ಅಕ್ಷರದ ಬೆಲೆ 3221, ಅದು 255ಕ್ಕಿಂತ ಹೆಚ್ಚು. ಆ 3221 ಬೇರೇನಲ್ಲ, ಯೂನಿಕೋಡ್‌ನಲ್ಲಿ ನಮ್ಮ ‘ಕ’ ಅಕ್ಷರದ ಸಂಖ್ಯೆ. ಪೈಥಾನ್‌ನಲ್ಲಾದರೆ, ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಲ್ಯಾಟಿನ್-1ಕ್ಕೆ ಎನ್‌ಕೋಡ್ ಮಾಡಲಾಗಲಿಲ್ಲ ಎಂಬ ಯೂನಿಕೋಡ್ ಎರರ್ ಬರುತ್ತದೆ. ರಿಕ್ವೆಸ್ಟ್ ಮನೆ ಬಿಟ್ಟು ಹೊರಡುವುದೇ ಇಲ್ಲ.

ಉತ್ಪನ್ನದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಚುಕ್ಕಿಯಂಥ ಕೆಲವೇ ಚಿಹ್ನೆಗಳಿಗೆ ಅವಕಾಶ. ಖಾಲಿ ಜಾಗವೂ ಕೂಡದು, ಇಟ್ಟರೆ ಅದು ಎರಡು ಉತ್ಪನ್ನವಾಗುತ್ತದೆ. ಇಮೇಲ್‌ನ ಆ್ಯಟ್ ಚಿಹ್ನೆ ಆವರಣದೊಳಗೆ ಮಾತ್ರ ಸರಿ, ಹೊರಗೆ ತಪ್ಪು. ಹೆಚ್ಚಿನ ಲೈಬ್ರರಿಗಳು ಇದನ್ನು ನೋಡಿಯೂ ನೋಡದಂತೆ ಇರುತ್ತವೆ, ಡಾಟ್‌ನೆಟ್ ಮಾತ್ರ ಬಿಡುವುದಿಲ್ಲ: ಅದರ ಪಾರ್ಸ್-ಆ್ಯಡ್ ವಿಧಾನಕ್ಕೆ ಆವರಣವಿಲ್ಲದ ಇಮೇಲ್ ಕೊಟ್ಟರೆ ಫಾರ್ಮ್ಯಾಟ್ ಎಕ್ಸೆಪ್ಷನ್ ಎಸೆಯುತ್ತದೆ. ಇನ್ನೊಂದು ಎಚ್ಚರಿಕೆ: ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಆವೃತ್ತಿ ಓದುವಾಗ ಕೊನೆಯಲ್ಲಿ ಹೊಸಸಾಲಿನ ಅಕ್ಷರ ಅಂಟಿಕೊಂಡು ಬರುವುದುಂಟು. ಅದನ್ನು ಕತ್ತರಿಸಿ. ಹೆಡರ್‌ನೊಳಗೆ ಹೊಸಸಾಲು ನುಸುಳುವುದು ದಾಳಿಕೋರರು ಬಳಸುವ ಹಳೆಯ ಕಿಂಡಿಯಾದ್ದರಿಂದ ಒಳ್ಳೆಯ ಲೈಬ್ರರಿಗಳು ಅಲ್ಲೇ ತಡೆದು ನಿಲ್ಲಿಸುತ್ತವೆ.

ಒಂದೇ ಕಡೆ ಹೊಂದಿಸಿ

ಎಲ್ಲರೂ ಮಾಡುವ ತಪ್ಪು, ಎಲ್ಲೆಲ್ಲಿ ರಿಕ್ವೆಸ್ಟ್ ಇದೆಯೋ ಅಲ್ಲೆಲ್ಲ ಹೆಡರ್ ಬರೆಯುತ್ತಾ ಹೋಗುವುದು. ಹನ್ನೊಂದು ಕಡೆ ಬರೆದು ಹನ್ನೆರಡನೆಯದನ್ನು ಮರೆಯುತ್ತೀರಿ, ಬ್ಲಾಕ್ ಆಗುವುದು ಆ ಹನ್ನೆರಡನೆಯದೇ.

ಪೈಥಾನ್‌ನಲ್ಲಿ ಹೀಗೆ ಮಾಡಿ. ಜಾಂಗೋ ಆಗಲಿ ಫ್ಲಾಸ್ಕ್ ಆಗಲಿ, ಹೊರಗೆ ಹೋಗುವ ಕೆಲಸಕ್ಕೆಂದೇ ಒಂದು ಮಾಡ್ಯೂಲ್ ಇಡಿ. ಅದರಲ್ಲಿ ರಿಕ್ವೆಸ್ಟ್ಸ್‌ನ ಒಂದು ಸೆಷನ್ ಮಾಡಿ, ಆ ಸೆಷನ್‌ನ ಹೆಡರ್ಸ್ ಮೇಲೆ ಅಪ್‌ಡೇಟ್ ಕರೆದು ಯೂಸರ್ ಏಜೆಂಟ್ ಕೊಡಿ. ಆಮೇಲೆ ಆ್ಯಪ್‌ನ ಉಳಿದ ಭಾಗಗಳೆಲ್ಲ ಈ ಸೆಷನ್‌ನಿಂದಲೇ ಗೆಟ್, ಪೋಸ್ಟ್ ಮಾಡಲಿ. ಒಂದು ರಿಕ್ವೆಸ್ಟ್‌ಗೆ ಬೇರೆ ಹೆಡರ್ ಬೇಕಾದರೆ ಅಲ್ಲಿಯೇ ಕೊಟ್ಟರಾಯಿತು, ಸೆಷನ್‌ನ ಹೆಸರು ಅಳಿಸಿಹೋಗುವುದಿಲ್ಲ, ಎರಡೂ ಸೇರಿಕೊಂಡು ಹೋಗುತ್ತವೆ. ಆದರೆ ಸೆಷನ್ ಬಿಟ್ಟು ಯಾರಾದರೂ ನೇರವಾಗಿ ‘ರಿಕ್ವೆಸ್ಟ್ಸ್.ಗೆಟ್’ ಎಂದು ಬರೆದಿದ್ದರೆ ಅಲ್ಲಿ ಮತ್ತೆ ಹಳೆಯ ಹೆಸರೇ. ಹಾಗಾಗಿ ಇಡೀ ಕೋಡ್‌ನಲ್ಲಿ ಆ ಪದವನ್ನು ಗ್ರೆಪ್ ಮಾಡಿ ಹುಡುಕಿ, ಒಂದೊಂದನ್ನೂ ಬದಲಿಸಿ. ನಮ್ಮಲ್ಲಿ ಸಿಕ್ಕಿದ್ದು ಏಳು. ಅದರಲ್ಲೊಂದು ನಾನೇ ಬರೆದದ್ದು, ‘ತಾತ್ಕಾಲಿಕ’ ಎಂಬ ಕಾಮೆಂಟ್ ಸಮೇತ.

ನೋಡ್‌ನಲ್ಲಿ ಆಕ್ಸಿಯೋಸ್ ಬಳಸುತ್ತಿದ್ದರೆ ಕ್ರಿಯೇಟ್ ಕರೆದು ನಿಮ್ಮದೇ ಒಂದು ಇನ್‌ಸ್ಟನ್ಸ್ ಮಾಡಿಕೊಳ್ಳಿ, ಹೆಸರನ್ನು ಅದರ ಹೆಡರ್ಸ್‌ನಲ್ಲಿ ಇಡಿ. ಫೆಚ್ ಆದರೆ ಅದನ್ನು ಸುತ್ತಿಕೊಂಡ ಒಂದು ಪುಟ್ಟ ಫಂಕ್ಷನ್ ಬರೆದು ಅದನ್ನೇ ಎಲ್ಲೆಡೆ ಬಳಸಿ. ಪಿಎಚ್‌ಪಿಯಲ್ಲಿ ಒಂದು ಮೋಸವಿದೆ. ಪಿಎಚ್‌ಪಿ ಐಎನ್ಐ ಫೈಲ್‌ನಲ್ಲಿ ಯೂಸರ್ ಏಜೆಂಟ್ ಎಂಬ ಸೆಟ್ಟಿಂಗ್ ಇದೆ, ಅದನ್ನು ಹಾಕಿ ಕೆಲಸ ಮುಗಿಯಿತೆಂದು ಮಲಗುತ್ತಾರೆ. ಅದು ಫೈಲ್-ಗೆಟ್-ಕಂಟೆಂಟ್ಸ್‌ನಂಥವಕ್ಕೆ ಮಾತ್ರ ಅನ್ವಯ, ಕರ್ಲ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಕರ್ಲ್‌ಗೆ ಅದರದೇ ಯೂಸರ್ ಏಜೆಂಟ್ ಆಯ್ಕೆ ಕೊಡಬೇಕು. ಲಾರಾವೆಲ್‌ನಲ್ಲಿ ಎಚ್‌ಟಿಟಿಪಿ ಕ್ಲೈಂಟ್‌ಗೆ ಗ್ಲೋಬಲ್ ರಿಕ್ವೆಸ್ಟ್ ಮಿಡಲ್‌ವೇರ್ ಸೇರಿಸಿದರೆ ಒಮ್ಮೆಗೇ ಮುಗಿಯುತ್ತದೆ. ವರ್ಡ್‌ಪ್ರೆಸ್‌ಗೆ ಇದಕ್ಕೆಂದೇ ಒಂದು ಫಿಲ್ಟರ್ ಇದೆ, ಥೀಮ್‌ನಲ್ಲಿ ಹಾಕದೆ ಚಿಕ್ಕ ಪ್ಲಗಿನ್‌ನಲ್ಲಿ ಹಾಕಿ, ಇಲ್ಲವಾದರೆ ಥೀಮ್ ಬದಲಿಸಿದ ದಿನ ಹೆಸರೂ ಹೋಗುತ್ತದೆ.

ಗೋನಲ್ಲಿ ಕ್ಲೈಂಟ್‌ನ ಟ್ರಾನ್ಸ್‌ಪೋರ್ಟನ್ನು ಸುತ್ತುವ ರೌಂಡ್‌ಟ್ರಿಪ್ಪರ್ ಬರೆಯಿರಿ. ಬಂದ ರಿಕ್ವೆಸ್ಟನ್ನೇ ತಿದ್ದಬೇಡಿ, ಕ್ಲೋನ್ ಮಾಡಿ ಅದಕ್ಕೆ ಹೆಡರ್ ಸೇರಿಸಿ ಮುಂದೆ ಕಳಿಸಿ. ಖಾಲಿ ಸ್ಟ್ರಿಂಗ್ ಕೊಟ್ಟರೆ ಗೋ ಆ ಹೆಡರನ್ನೇ ಕೈಬಿಡುತ್ತದೆ ಎಂಬುದೂ ನೆನಪಿರಲಿ. ಜಾವಾ, ಸ್ಪ್ರಿಂಗ್‌ನವರು ವೆಬ್‌ಕ್ಲೈಂಟ್ ಬಿಲ್ಡರ್‌ನಲ್ಲಿ ಡಿಫಾಲ್ಟ್ ಹೆಡರ್ ಕೊಟ್ಟರೆ ಸಾಕು.

ಹಿನ್ನೆಲೆಯಲ್ಲಿ ಓಡುವ ಕೆಲಸಗಳಿಗೆ, ಅಂದರೆ ಕ್ರಾನ್, ಸೆಲರಿಯಂಥವಕ್ಕೆ, ಹೆಸರಿನಲ್ಲೇ ಸಣ್ಣ ವ್ಯತ್ಯಾಸ ಮಾಡಿ: ‘ತಾಲೂಕುನೋಟ-ಕ್ರಾನ್’, ‘ತಾಲೂಕುನೋಟ-ವೆಬ್’. ಬಿಡುಗಡೆಗೆ ಮುಂಚೆ ಪರೀಕ್ಷಿಸುವ ಸ್ಟೇಜಿಂಗ್ ಸರ್ವರ್‌ಗೂ ಹಾಗೆಯೇ. ನಡುರಾತ್ರಿ ಹೊರಟ ಹತ್ತು ಸಾವಿರ ರಿಕ್ವೆಸ್ಟ್ ಯಾರದೆಂದು ಆ ಕಡೆಯವರಿಗಿಂತ ಮೊದಲು ನಿಮಗೆ ಗೊತ್ತಾಗಬೇಕು.

ಆಯಾ ಮನೆಯ ರೀತಿ

ಕೆಲವು ಸೇವೆಗಳು ಯೂಸರ್ ಏಜೆಂಟ್ ಹೇಗಿರಬೇಕೆಂದು ತಾವೇ ಬರೆದಿಟ್ಟಿವೆ. ಕೋಡ್ ಬರೆಯುವ ಮೊದಲು ಆ ಪುಟ ಓದುವುದು ಹತ್ತು ನಿಮಿಷದ ಕೆಲಸ.

ವಿಕಿಮೀಡಿಯಾ ತಾಣಗಳು 2010ರ ಫೆಬ್ರವರಿಯಿಂದ ಯೂಸರ್ ಏಜೆಂಟ್ ಕಡ್ಡಾಯ ಮಾಡಿವೆ. ಕನ್ನಡ ವಿಕಿಪೀಡಿಯಾ, ವಿಕ್ಷನರಿ, ವಿಕಿಸೋರ್ಸ್ ಎಲ್ಲಕ್ಕೂ ಇದೇ ನಿಯಮ. ಹೆಸರು, ಆವೃತ್ತಿ, ಆವರಣದೊಳಗೆ ಸಂಪರ್ಕ, ಆಮೇಲೆ ಲೈಬ್ರರಿ, ಅಂದರೆ ಮೇಲೆ ನಾವು ಹೆಣೆದ ಸಾಲು ಅವರಿಗೆ ಸರಿಹೊಂದುತ್ತದೆ. ತಾನಾಗಿಯೇ ಓಡುವ ತಂತ್ರಾಂಶವಾದರೆ ಹೆಸರಿನಲ್ಲಿ ‘ಬಾಟ್’ ಎಂಬ ಪದ ಇರಲಿ ಎನ್ನುತ್ತಾರೆ. ಲೈಬ್ರರಿಯ ಹೆಸರಷ್ಟೇ ಹೊತ್ತು ಬಂದವರನ್ನು ತಡೆಯಬಹುದು ಎಂದೂ ಸ್ಪಷ್ಟವಾಗಿ ಹೇಳಿದ್ದಾರೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಾಮಿನಾಟಿಮ್, ಊರಿನ ಹೆಸರು ಕೊಟ್ಟರೆ ಅಕ್ಷಾಂಶ ರೇಖಾಂಶ ಕೊಡುವ ಸೇವೆ, ಇನ್ನೂ ಕಟ್ಟುನಿಟ್ಟು: ಲೈಬ್ರರಿಗಳ ಮಾಮೂಲಿ ಹೆಸರು ನಡೆಯದು, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ರಿಕ್ವೆಸ್ಟ್ ಕೂಡದು. ಪೈಥಾನ್‌ನ ಜಿಯೋಪೈ ಲೈಬ್ರರಿ 2.0ರಿಂದ ಇದನ್ನು ತನ್ನಲ್ಲೇ ಜಾರಿ ಮಾಡಿದೆ. ಹೆಸರು ಕೊಡದೆ ನಾಮಿನಾಟಿಮ್ ಕರೆದರೆ ಅದು ಮುಂದಕ್ಕೇ ಹೋಗುವುದಿಲ್ಲ. ಗಿಟ್‌ಹಬ್ ಎಪಿಐ ಯೂಸರ್ ಏಜೆಂಟ್ ಇಲ್ಲದ ರಿಕ್ವೆಸ್ಟನ್ನು ತಿರಸ್ಕರಿಸುತ್ತದೆ, ನಿಮ್ಮ ಬಳಕೆದಾರ ಹೆಸರನ್ನೋ ಆ್ಯಪ್‌ನ ಹೆಸರನ್ನೋ ಕೊಡಿ ಎನ್ನುತ್ತದೆ. ಹೆಡರೇ ಕಳಿಸದ ಪಿಎಚ್‌ಪಿ ಕರ್ಲ್‌ನವರು ಮೊದಲು ಎಡವುವುದು ಇಲ್ಲೇ. ಅಮೆರಿಕದ ಷೇರು ನಿಯಂತ್ರಕ ಎಸ್ಇಸಿಯ ಎಡ್ಗರ್ ಕಡತಗಳನ್ನು ಇಳಿಸುವವರು ಸಂಸ್ಥೆಯ ಹೆಸರು ಮತ್ತು ಇಮೇಲ್ ಘೋಷಿಸಬೇಕು, ಸೆಕೆಂಡಿಗೆ ಹತ್ತರ ಮಿತಿ ಮೀರಬಾರದು.

ಹೆಸರು ಸರಿಯಾಗಿಟ್ಟ ಮಾತ್ರಕ್ಕೆ ಎಷ್ಟು ವೇಗವಾಗಿಯಾದರೂ ಓಡಬಹುದು ಎಂದಲ್ಲ. ‘ತೀರಾ ಹೆಚ್ಚು ಕೇಳುತ್ತಿದ್ದೀರಿ’ ಎನ್ನುವ 429 ಬಂದರೆ ನಿಲ್ಲಿ. ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಹೊತ್ತು ಕಾಯಿರಿ.

ಬ್ರೌಸರ್‌ನಿಂದಲೇ ಹೋಗುವ ರಿಕ್ವೆಸ್ಟ್‌ಗಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಮ್ಮ ಸರ್ವರ್‌ನಿಂದ ಹೊರಡುವವಕ್ಕೆ. ಪುಟದ ಜಾವಾಸ್ಕ್ರಿಪ್ಟ್ ಓದುಗರ ಬ್ರೌಸರ್‌ನಿಂದ ನೇರವಾಗಿ ಬೇರೆ ತಾಣಕ್ಕೆ ಕೇಳುತ್ತಿದ್ದರೆ ಕಥೆ ಬೇರೆ. ಫೆಚ್ ನಿಯಮಾವಳಿಯ ನಿಷೇಧಿತ ಹೆಡರ್‌ಗಳ ಪಟ್ಟಿಯಿಂದ ಯೂಸರ್ ಏಜೆಂಟನ್ನು ತೆಗೆದ ಮೇಲೂ ಕ್ರೋಮ್ ಬಹುಕಾಲ ನೀವು ಕೊಟ್ಟ ಹೆಸರನ್ನು ಸದ್ದಿಲ್ಲದೆ ಬದಿಗಿಡುತ್ತಿತ್ತು. ಎರರ್ ಇಲ್ಲ, ಎಚ್ಚರಿಕೆಯಿಲ್ಲ. ಹಾಗಾಗಿ ಅಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ. ವಿಕಿಮೀಡಿಯಾದವರು ಇದಕ್ಕೆಂದೇ ‘ಎಪಿಐ-ಯೂಸರ್-ಏಜೆಂಟ್’ ಎಂಬ ಬದಲಿ ಹೆಡರ್ ಒಪ್ಪುತ್ತಾರೆ. ಬೇರೆ ಸೇವೆಗಳಾದರೆ ರಿಕ್ವೆಸ್ಟನ್ನು ನಿಮ್ಮ ಸರ್ವರ್ ಮೂಲಕ ತಿರುಗಿಸಿ ಕಳಿಸುವುದೇ ಸರಿ. ಅಲ್ಲಿ ಕ್ಯಾಶ್ ಇಡುವ, ಅಂದರೆ ತಂದದ್ದನ್ನು ಸ್ವಲ್ಪ ಕಾಲ ಕೂಡಿಟ್ಟುಕೊಳ್ಳುವ, ಅನುಕೂಲವೂ ಸಿಗುತ್ತದೆ.

ಬಿಡುಗಡೆಗೆ ಮುಂಚೆ

ಮತ್ತೆ ನೆಟ್‌ಕ್ಯಾಟ್ ಮುಂದೆ ಕೂತು ಹೊಸ ಸಾಲು ಬರುತ್ತಿದೆಯೇ ನೋಡಿ. ಆಮೇಲೆ ಅದನ್ನು ಟೆಸ್ಟ್ ಆಗಿ ಬರೆದಿಡಿ: ಹೊರಡುವ ರಿಕ್ವೆಸ್ಟನ್ನು ಹಿಡಿದು, ಅದರ ಯೂಸರ್ ಏಜೆಂಟ್ ನಿಮ್ಮ ಆ್ಯಪ್‌ನ ಹೆಸರಿನಿಂದ ಶುರುವಾಗುತ್ತದೆಯೇ, ಒಳಗೆ ಇಮೇಲ್ ಇದೆಯೇ ಎಂದು ಪರೀಕ್ಷಿಸಲಿ. ಮುಂದಿನ ವರ್ಷ ಯಾರಾದರೂ ಲೈಬ್ರರಿ ಬದಲಿಸಿದಾಗ ಕೂಗಿ ಹೇಳುವುದು ಈ ಟೆಸ್ಟೇ.

ಉತ್ತರದ ಒಳಗನ್ನೂ ಒಮ್ಮೆ ನೋಡಿ. ಕೆಲವು ತಾಣಗಳು ಕೇಳುವವರು ಯಾರೆಂದು ನೋಡಿ ಬೇರೆ ಬೇರೆ ಪುಟ ಕೊಡುತ್ತವೆ. ಹೆಸರು ಬದಲಾದ ಮೇಲೆ 200 ಬಂದರೂ ಒಳಗಿನ ಎಚ್‌ಟಿಎಂಎಲ್ ಬೇರೆಯಾಗಿರಬಹುದು, ನಿಮ್ಮ ಪಾರ್ಸರ್ ಖಾಲಿ ಕೈಯಲ್ಲಿ ವಾಪಸ್ ಬರಬಹುದು. ಹಾಗೆಯೇ, ನಿಮ್ಮ ತಾಣಕ್ಕೆ ಬರುವವರ ಯೂಸರ್ ಏಜೆಂಟನ್ನಷ್ಟೇ ನಂಬಿ ಯಾರನ್ನೂ ಒಳಗೆ ಬಿಟ್ಟುಕೊಳ್ಳಬೇಡಿ. ಈಗಷ್ಟೇ ನೋಡಿದಿರಲ್ಲ, ಅಲ್ಲಿ ಏನು ಬೇಕಾದರೂ ಬರೆಯಬಹುದು.

ಕೊನೆಗೆ ಆವರಣದೊಳಗೆ ಕೊಟ್ಟ ಆ ಪುಟ. ನಮ್ಮದು ಆರೇ ಸಾಲಿನದು: ಈ ಬಾಟ್ ಏನು ಮಾಡುತ್ತದೆ, ಯಾವ ಹೊತ್ತಿನಲ್ಲಿ ಓಡುತ್ತದೆ, ಯಾವ ಐಪಿಯಿಂದ ಬರುತ್ತದೆ, ಬೇಡವಾದರೆ ನಿಲ್ಲಿಸುವುದು ಹೇಗೆ, ಯಾರಿಗೆ ಬರೆಯಬೇಕು. ಯಾವ ಬಾಟ್ ಎಲ್ಲಿಗೆ ಬರಬಾರದು ಎಂದು ತಾಣದವರು ಬರೆದಿಡುವ ರೋಬಾಟ್ಸ್ ಫೈಲ್‌ನಲ್ಲಿ ಯಾವ ಹೆಸರು ಹಾಕಿದರೆ ನಮ್ಮ ಬಾಟ್ ಪಾಲಿಸುತ್ತದೆ ಎಂಬುದೂ ಅಲ್ಲೇ ಇದೆ. ಪುಟ ಹಾಕಿ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ತಂಡದ ವಿಳಾಸಕ್ಕೆ ಗುರುತಿಲ್ಲದವರಿಂದ ಎರಡು ಸಾಲಿನ ಮೇಲ್ ಬಂತು: ‘ನಿಮ್ಮ 1.4 ಆವೃತ್ತಿ ನಮ್ಮ ಒಂದೇ ಪುಟವನ್ನು ನಿಮಿಷಕ್ಕೆ ನಲವತ್ತು ಸಲ ಕೇಳುತ್ತಿದೆ. ಕ್ಯಾಶ್ ಕೆಟ್ಟಿದೆಯಾ?’ ಕೆಟ್ಟಿತ್ತು. ಕ್ಯಾಶ್‌ನ ಅವಧಿ ಸೆಕೆಂಡ್‌ಗಳ ಲೆಕ್ಕದಲ್ಲಿರುತ್ತದೆ. ಒಂದು ಗಂಟೆ ಎಂದುಕೊಂಡು ನಮ್ಮ ಹುಡುಗ 3600 ಬರೆಯುವ ಕಡೆ 1 ಎಂದು ಬರೆದಿದ್ದ. ತಿದ್ದಿ, 1.4.1 ಹಾಕಿ, ಅವರಿಗೆ ಉತ್ತರ ಬರೆದು ಕಾಫಿಗೆ ಹೋದೆವು.